ಮೊದಲಿನವಳ ಹಾಗಿಲ್ಲ

“ಗುರುಗಳೇ, ಕೇಳಿದ್ದನ್ನು ಕೇಳಿದ ಹಾಗೆ ಹೇಳುವುದು ತಪ್ಪೇ?” ಎಂದು ನನ್ನ ತಮ್ಮ ಶ್ರೀಪತಿ, ತನಗೆ ಸಂಗೀತ ಕಲಿಸಿದ ಅಡಿವಯ್ಯ ಗುರುಗಳನ್ನು ಕೇಳಿದ.

ಈ ಪ್ರಶ್ನೆ ಯಾವ ಮನೆಯಿಂದ ಬಂತು ಎಂಬುದನ್ನು ಮೊದಲು ಹೇಳಬೇಕು. ನಮ್ಮದು ಇನಾಮದಾರರ ಮನೆತನ. ಊರಿನ ಸಂಗೀತ ಸಂಘಕ್ಕೆ ಜಾಗ ಕೊಟ್ಟವರು ನಮ್ಮ ಅಜ್ಜ. ಸಂಘ ಪ್ರತಿ ವರ್ಷ ಆಡುವ ಸಂಗೀತ ನಾಟಕ ಅವರ ಕಾಲದಲ್ಲಿ ಶುರುವಾಯಿತು. ಅಂದಿನಿಂದ ನಾಟಕ ನಿಂತಿಲ್ಲ, ಮೊದಲ ಸಾಲಿನಲ್ಲಿ ನಮ್ಮ ಮನೆಯವರ ಕುರ್ಚಿಯೂ ಖಾಲಿ ಬಿದ್ದಿಲ್ಲ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಓದಿದವಳು. ಯೋಗ್ಯತೆ ಮೀರಿದ ಹೊಗಳಿಕೆಯೂ ಒಂದು ಸುಳ್ಳು ಎಂದು ಅವರು ಕಲಿಸಿದ್ದರು. ನಮ್ಮ ತಂದೆಯವರ ಅಭಿಪ್ರಾಯವೂ ಅದೇ ಆಗಿತ್ತು. ಊರಿನಲ್ಲಿ ಇನಾಮದಾರರ ಮನೆಯ ಮಾತಿಗೆ ಬೆಲೆ ಇದೆ. ಅದನ್ನು ನಾವು ಬೇಡಿ ಪಡೆದದ್ದಲ್ಲ.

ಆ ನಾಟಕದಲ್ಲಿ ಹಾಡುವ ಬಾಲಕಿಯ ಪಾತ್ರವೊಂದಿದೆ. ಮಕ್ಕಳು ಬೆಳೆಯುತ್ತಾರೆ, ಆದ್ದರಿಂದ ಪಾತ್ರ ಒಬ್ಬಳಿಂದ ಇನ್ನೊಬ್ಬಳಿಗೆ ಹೋಗುತ್ತಿರುತ್ತದೆ. ಈ ಸಲ ಅದು ಮಂದಾಕಿನಿ ಎಂಬ ಹುಡುಗಿಗೆ ಬಂದಿತ್ತು. ಅವಳು ಗುರುಗಳ ಬಳಿಯೇ ಕಲಿಯುವವಳು. ಆಟ ಮುಗಿದ ಮೇಲೆ, ರೂಢಿಯಂತೆ, ಎರಡು ಮಾತು ಆಡಬೇಕೆಂದು ಶ್ರೀಪತಿಯನ್ನು ವೇದಿಕೆಗೆ ಕರೆದರು. ಅವನು ಮೈಕಿನ ಮುಂದೆ ನಿಂತು, ಹುಡುಗಿ ಪರವಾಗಿಲ್ಲ, ಆದರೆ ಮೊದಲಿನವಳ ಹಾಗೆ ಹಾಡಲಿಲ್ಲ ಎಂದ. ಮಂದಾಕಿನಿ ಬಣ್ಣ ಹಚ್ಚಿದ ಮುಖದಲ್ಲಿ ಅವನ ಪಕ್ಕದಲ್ಲೇ ನಿಂತಿದ್ದಳು. ಸಭೆಯಲ್ಲಿ ಕೆಲವರು ನಕ್ಕರು. ನಾನೂ ಅಲ್ಲಿದ್ದೆ. ಅವನ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ, ಒರಟುತನವೂ ಇರಲಿಲ್ಲ. ಆದರೆ ಮರುದಿನದಿಂದ ಹುಡುಗಿ ಪಾಠಕ್ಕೆ ಬರಲಿಲ್ಲ. ಇನ್ನು ಹಾಡುವುದಿಲ್ಲ ಎಂದು ಮನೆಯಲ್ಲಿ ಹೇಳಿದಳಂತೆ.

ಗುರುಗಳು ನಮ್ಮ ಮನೆಗೆ ಬಂದದ್ದು ಆ ವಾರವೇ. ಶ್ರೀಪತಿ ಅವರಲ್ಲಿ ಬಹಳ ವರ್ಷ ಕಲಿತವನು. ವಿಷಯವನ್ನು ಅವನೇ ತೆಗೆದ. ತಾನು ಯಾರನ್ನೂ ಹೀಯಾಳಿಸಿಲ್ಲ, ಕಿವಿಗೆ ಬಿದ್ದದ್ದನ್ನು ಹೇಳಿದೆನಷ್ಟೆ ಎಂದು ವಿವರಿಸಿ, ಮೇಲಿನ ಪ್ರಶ್ನೆ ಕೇಳಿದ. ಗುರುಗಳು ಚಹಾದ ಕಪ್ಪನ್ನು ಕೆಳಗಿಟ್ಟು, ಒಂದು ಕತೆ ಹೇಳುತ್ತೇನೆ, ಮುಗಿಯುವವರೆಗೆ ಸುಮ್ಮನಿರು ಎಂದರು. ಅವರು ಹೇಳಿದ್ದನ್ನು ಕೂಡಿಸದೆ, ಕಳೆಯದೆ ಬರೆಯುತ್ತಿದ್ದೇನೆ.

ಒಂದು ನಾಟಕ ಕಂಪನಿ ಇತ್ತು. ಅದು ಊರೂರಿಗೆ ಹೋಗಿ ಡೇರೆ ಹಾಕುತ್ತಿತ್ತು. ಎಷ್ಟೋ ನಾಟಕ ಬಂದವು, ಹೋದವು. ಒಂದು ಮಾತ್ರ ಉಳಿಯಿತು. ಅದರಲ್ಲಿ ಕಾಡಿನಲ್ಲಿ ದಾರಿ ತಪ್ಪಿದ ರಾಜನೊಬ್ಬನಿಗೆ ಕುರಿ ಕಾಯುವ ಹುಡುಗಿ ಸಿಗುತ್ತಾಳೆ. ರಾಜ ಅವಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ಅವಳು ಅಲ್ಲಿಂದಲೇ ದಾರಿ ತೋರಿಸುತ್ತಾ ಹಾಡುತ್ತಾಳೆ. ಜನ ಆ ಹಾಡಿಗಾಗಿ ಬರುತ್ತಿದ್ದರು.

ಹುಡುಗಿ ಎತ್ತಲಾರದಷ್ಟು ಭಾರವಾದಳು ಎಂದು ರಾಜನ ಪಾತ್ರದವನು ಹೇಳಿದ ದಿನ ಅವಳ ಪಾತ್ರ ಮುಗಿಯುತ್ತಿತ್ತು. ಹೊಸಬಳೊಬ್ಬಳು ಬರುತ್ತಿದ್ದಳು. ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಪಾತ್ರ ಬಿಟ್ಟವಳು ಒಂದು ಊರಿನ ಆಟಗಳು ಮುಗಿಯುವವರೆಗೆ ಪಕ್ಕದ ಪರದೆಯ ಮರೆಯಲ್ಲಿ ನಿಂತು, ಕೈಯಲ್ಲಿ ತಾಳ ಹಾಕುತ್ತಾ, ಹೊಸಬಳಿಗೆ ಪದ ಮರೆತರೆ ತುಟಿಯಲ್ಲಿ ತೋರಿಸಬೇಕು. ಆಮೇಲೆ ಅವಳ ದಾರಿ ಅವಳಿಗೆ.

ಒಂದು ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಕಂಪನಿ ಬಂದಾಗಲೆಲ್ಲ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಬಂದು ತನ್ನ ಅಭಿಪ್ರಾಯ ಹೇಳುತ್ತಿದ್ದ. ಬೆಳಗಾದರೆ ಅಂಗಡಿಗೆ ಬಂದವರು ಬಟ್ಟೆಯ ಮಾತಿಗೆ ಮೊದಲು ನಾಟಕದ ಮಾತು ಕೇಳುತ್ತಿದ್ದರು. ಅವನಿಗೆ ಸಂಗೀತದ ಕಿವಿ ಇತ್ತು. ಮುಖ ನೋಡಿ ಹೊಗಳುವವನಲ್ಲ ಎಂದು ಹೆಸರೂ ಇತ್ತು.

ಮೊದಲ ಹುಡುಗಿ ಹಾಡಿದಾಗ ಅವನು, ಇನ್ನೂ ಕಲಿಯಬೇಕು ಎಂದಿದ್ದ. ಎರಡನೆಯವಳು ಬಂದಾಗ, “ಚೆನ್ನಾಗಿದೆ. ಆದರೆ ಮೊದಲಿನವಳ ಹಾಗಿಲ್ಲ,” ಎಂದ. ಎರಡನೆಯವಳು ಮುಖದ ಬಣ್ಣ ತೆಗೆಯಲು ಎಣ್ಣೆ ಹಚ್ಚುತ್ತಿದ್ದವಳು ಅಲ್ಲೇ ಅತ್ತಳು. ಮೊದಲಿನವಳು ಪರದೆಯ ಮರೆಯಲ್ಲಿ ನಿಂತು ಆ ಮಾತನ್ನು ಕೇಳಿಸಿಕೊಂಡಳು. ತಾನು ಚೆನ್ನಾಗಿ ಹಾಡುತ್ತಿದ್ದೆ ಎಂದು ಅವಳಿಗೆ ತಿಳಿದದ್ದು ಆಗಲೇ. ಅವಳು ಹೊಸಬಳ ಪಕ್ಕದಲ್ಲಿ ಕುಳಿತು, ಅಳಬೇಡ, ಇವತ್ತು ಬಂದದ್ದು ನನಗೆ ಸಲ್ಲಬೇಕಾದ ಮಾತು, ನಿನ್ನದು ನೀನು ಪಾತ್ರ ಬಿಟ್ಟ ಮೇಲೆ ಬರುತ್ತದೆ ಎಂದಳು.

ಹಾಗೆಯೇ ಆಯಿತು. ಮೂರನೆಯವಳು ಹಾಡಿದಾಗ ವ್ಯಾಪಾರಿ ಎರಡನೆಯವಳನ್ನು ನೆನೆದ. ನಾಲ್ಕನೆಯವಳು ಹಾಡಿದಾಗ ಮೂರನೆಯವಳನ್ನು ನೆನೆದ. ಕಂಪನಿಯ ಹುಡುಗಿಯರಿಗೆ ಇದು ಪಾಠವೇ ಆಗಿಹೋಯಿತು. ಪೆಟ್ಟಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡವರ ಹಾಗೆ ದವಡೆ ಆಡಿಸಿ, “ಚೆನ್ನಾಗಿದೆ, ಆದರೆ” ಎಂದು ಒಬ್ಬರಿಗೊಬ್ಬರು ಅಣಕಿಸುತ್ತಿದ್ದರು. ರಾಜನ ಪಾತ್ರದವನು ಹೆಗಲು ತಿಕ್ಕಿಕೊಳ್ಳುತ್ತಾ, ಈ ಜವಳಿ ಯಜಮಾನರಿಗೆ ಹಿಡಿಸುವವರೆಲ್ಲ ನನಗೆ ಭಾರವಾದವರೇ ಎನ್ನುತ್ತಿದ್ದ. ನಗು ನಿಜವಾದದ್ದು. ಕಾಯುವುದೂ ನಿಜವಾದದ್ದು. ಪ್ರತಿಯೊಬ್ಬಳೂ ತನ್ನ ಮಾತಿಗಾಗಿ ಪರದೆಯ ಮರೆಯಲ್ಲಿ ಒಂದು ದಿನ ನಿಂತಳು, ಕೇಳಿದಳು, ಹೋದಳು.

ಕೊನೆಗೊಬ್ಬಳು ಬಂದಳು. ಅವಳು ಹಾಡಿದ ಮೊದಲ ಆಟದಲ್ಲಿ ವ್ಯಾಪಾರಿ ಅದೇ ಮಾತು ಹೇಳಿದ. ಅವಳು ಅಳಲಿಲ್ಲ. ಅವಳಿಗೆ ಲೆಕ್ಕ ಗೊತ್ತಿತ್ತು. ಉಳಿದವರು ಪಾತ್ರ ಹೋಗುತ್ತದೆಂದು ಬೆಳೆಯಲು ಹೆದರುತ್ತಿದ್ದರು. ಇವಳು ಬೇಗ ಬೆಳೆಯಬೇಕೆಂದು ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದಳು. ಊಟದ ಸಾಲಿನಲ್ಲಿ ಎಲ್ಲರೂ ನಗುತ್ತಿದ್ದರು. ಅವಳು ನಕ್ಕು ಇನ್ನೊಂದು ಹಾಕಿಸಿಕೊಳ್ಳುತ್ತಿದ್ದಳು. ಹೆಗಲ ಮೇಲೆ ಹಾಡುವಾಗ ಮುಂದಿನ ಬೆಂಚನ್ನು ನೋಡುತ್ತಿದ್ದಳು.

ಅವಳು ಬೆಳೆದಳು. ಆದರೆ ಅಷ್ಟರಲ್ಲಿ ರಾಜನ ಪಾತ್ರದವನ ಹೆಗಲು ಪೂರಾ ಸೋತಿತ್ತು. ಜನವೂ ಬೇರೆ ನಾಟಕ ಕೇಳತೊಡಗಿದ್ದರು. ಕಂಪನಿಯ ಮಾಲೀಕ ವ್ಯಾಪಾರಿಯ ಊರಿನ ಆಟಗಳೊಂದಿಗೆ ಆ ನಾಟಕವನ್ನೇ ನಿಲ್ಲಿಸಲು ತೀರ್ಮಾನಿಸಿದ. ಹೊಸ ಹುಡುಗಿಯನ್ನು ಹುಡುಕಬೇಕಾದ ಕೆಲಸ ಇನ್ನಿಲ್ಲ ಎಂದು ಅವನು ನಿರಾಳವಾಗಿ ಹೇಳಿದ. ಹುಡುಗಿ ಅದನ್ನು ಕೇಳಿಸಿಕೊಂಡಳು.

ಕೊನೆಯ ಆಟ ಮುಗಿಯಿತು. ವ್ಯಾಪಾರಿ ಬಣ್ಣದ ಕೋಣೆಗೆ ಬಂದ. ಚೆನ್ನಾಗಿದೆ, ಆದರೆ ಮೊದಲಿನವಳ ಹಾಗಿಲ್ಲ ಎಂದು ಹೇಳಿ ಹೋದ.

ಮರುದಿನ ಬೆಳಿಗ್ಗೆ ಡೇರೆ ಬಿಚ್ಚುತ್ತಿದ್ದರು. ಹುಡುಗಿ ಒಬ್ಬಳೇ ವ್ಯಾಪಾರಿಯ ಅಂಗಡಿಗೆ ಹೋದಳು. ಅವನು ಬಟ್ಟೆ ಅಳೆಯುತ್ತಿದ್ದ. ಬಣ್ಣವಿಲ್ಲದ ಮುಖದಲ್ಲಿ ಅವನಿಗೆ ಅವಳ ಗುರುತು ಸಿಗಲಿಲ್ಲ. ಯಾರ ಮನೆಯ ಮಗು, ಏನು ಬೇಕು ಎಂದು ಕೇಳಿದ. ಅವಳು ತಾನು ಯಾರೆಂದು ಹೇಳಿದಳು. ಅವನು ಗಾದಿಯ ಮೇಲೆ ಕೂರಿಸಿ, ಕುಪ್ಪಸಕ್ಕೆ ಒಳ್ಳೆಯ ಖಣವೊಂದನ್ನು ತೆಗೆದು ಮುಂದಿಟ್ಟ. ಅವಳು ಅದನ್ನು ಮುಟ್ಟಲಿಲ್ಲ.

“ಯಜಮಾನರೇ, ನನ್ನ ನಂತರ ಯಾರೂ ಬರುವುದಿಲ್ಲ. ನನಗೆ ಬರಬೇಕಾದ ಮಾತನ್ನು ನನಗೇ ಹೇಳಿಬಿಡಿ,” ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಯಾರು ಹಾಡಿದಾಗ ಯಾರ ನೆನಪು ಬಂತು, ಪರದೆಯ ಮರೆಯಲ್ಲಿ ಯಾರು ನಿಂತು ಕೇಳಿದರು, ಎಲ್ಲವನ್ನೂ ಹೇಳಿದಳು. ಅವನು ಮೊದಲು ನಕ್ಕ. ಆಮೇಲೆ ನಗಲಿಲ್ಲ. ಬಾಯಿಮಾತಿಗೆ ಒಂದು ಹೊಗಳಿಕೆ ಹೇಳಿ ಕಳಿಸಬಹುದಿತ್ತು. ಅವನು ಅಂಥವನಲ್ಲ. ಕಣ್ಣು ಮುಚ್ಚಿ ಹಿಂದಿನ ದಿನದ ಹಾಡನ್ನು ನೆನಪಿಸಿಕೊಳ್ಳಲು ನೋಡಿದ. ಕಿವಿಗೆ ಬಂದದ್ದು ಬೇರೆ ದನಿ.

“ಸುಳ್ಳು ಹೇಳಲಾರೆ, ಮಗಳೇ. ನೀನು ಹಾಡುವಾಗ ನನ್ನ ಕಿವಿಯಲ್ಲಿ ನಿನ್ನ ಹಿಂದಿನವಳೇ ಇದ್ದಳು,” ಎಂದ.

“ಅವಳು ಹಾಡುವಾಗ ಅವಳ ಹಿಂದಿನವಳು ಇದ್ದಳು. ಹಾಗಾದರೆ ಅವಳ ಹಾಡನ್ನು ನೀವು ಕೇಳಿದ್ದು ಯಾವಾಗ?”

ವ್ಯಾಪಾರಿ ಖಣವನ್ನು ಮತ್ತೆ ಮಡಿಸತೊಡಗಿದ. ಹುಡುಗಿ ಸ್ವಲ್ಪ ಹೊತ್ತು ಕಾದಳು. ಅಷ್ಟರಲ್ಲಿ ಮದುವೆಯ ಜವಳಿಗೆಂದು ಒಂದು ಮನೆಯವರೆಲ್ಲ ಬಂದರು. ಅವನು ಅವರತ್ತ ತಿರುಗಿದ. ಅವಳು ನಮಸ್ಕಾರ ಮಾಡಿ ಮೆಟ್ಟಿಲಿಳಿದಳು. ಅವರಿಗೆ ಬಟ್ಟೆ ತೋರಿಸಿ ಮುಗಿಸಿ ಅವನು ಹೊರಗೆ ಬಂದು ನೋಡಿದಾಗ ಕಂಪನಿಯ ಗಾಡಿಗಳು ಹೋಗಿದ್ದವು.

ಮುಂದಿನ ವರ್ಷ ಕಂಪನಿ ಮತ್ತೆ ಬಂತು. ನಾಟಕ ಬೇರೆ. ಅದರಲ್ಲಿ ಮಕ್ಕಳ ಪಾತ್ರವೇ ಇರಲಿಲ್ಲ. ವ್ಯಾಪಾರಿ ತನ್ನ ಬೆಂಚಿನಲ್ಲಿ ಕುಳಿತ. ಹಾರ್ಮೋನಿಯಂ ಪೇಟಿಯವನು ಯಾವುದೋ ಹಾಡಿಗೆ ಶ್ರುತಿ ಹಿಡಿದ. ಆ ಶ್ರುತಿಯಲ್ಲಿ ವ್ಯಾಪಾರಿಗೆ ಕುರಿ ಕಾಯುವ ಹುಡುಗಿಯ ಹಾಡು ಕೇಳಿಸಿತು. ಕೊನೆಯವಳ ದನಿ. ರಾಜ ಎತ್ತುವಾಗ ಅವಳು ಉಸಿರು ಬಿಗಿಹಿಡಿದದ್ದು, ಹೆಗಲ ಮೇಲೆ ಕುಳಿತ ಮೇಲೆ ಮೊದಲ ಪದವನ್ನು ಮೆಲ್ಲಗೆ ಇಟ್ಟದ್ದು, ಮೇಲಿನ ಷಡ್ಜಕ್ಕೆ ಹೋಗುವಾಗ ತನ್ನ ಕಡೆಗೇ ನೋಡಿದ್ದು. ಒಂದೂ ತಪ್ಪಿರಲಿಲ್ಲ. ಇಡೀ ಹಾಡು ಅವನೊಳಗೇ ಇತ್ತು. ಅವನು ಆಟ ಮುಗಿಯುವವರೆಗೆ ಕೂರಲಾರದೆ ಎದ್ದ.

ಬಣ್ಣದ ಕೋಣೆಗೆ ಹೋಗಿ ಮಾಲೀಕನಿಗೆ, ಅವಳ ಹಾಗೆ ಯಾರೂ ಹಾಡಲಿಲ್ಲ ಎಂದ. ಯಾರ ಹಾಗೆ ಎಂದು ಮಾಲೀಕ ಕೇಳಿದ. ವ್ಯಾಪಾರಿಗೆ ಹೆಸರು ಗೊತ್ತಿರಲಿಲ್ಲ. ಅವನು ಯಾವ ಹುಡುಗಿಯ ಹೆಸರನ್ನೂ ಕೇಳಿದವನಲ್ಲ. ಕೊನೆಯವಳು ಎಂದ. ಮಾಲೀಕ, ಅವಳು ಹಾಡು ಬಿಟ್ಟಳು, ಯಾರೋ ಸೋದರಮಾವ ಬಂದು ಕರೆದುಕೊಂಡು ಹೋದ, ಯಾವ ಊರೋ ತಿಳಿಯದು ಎಂದ. ವ್ಯಾಪಾರಿ ಮತ್ತೆ ಅದೇ ಮಾತು ಹೇಳಿದ. ಈ ಸಲ ಸ್ವಲ್ಪ ಗಟ್ಟಿಯಾಗಿ, ಪಕ್ಕದ ಪರದೆಯ ಕಡೆಗೆ ತಿರುಗಿ ಹೇಳಿದ.

ರಾಜನ ಪಾತ್ರ ಮಾಡುತ್ತಿದ್ದವನು ಈಗ ಮುದುಕನಾಗಿ, ಮೂಲೆಯಲ್ಲಿ ಕೂತು ಕಿರೀಟಗಳಿಗೆ ಬಣ್ಣದ ಕಾಗದ ಅಂಟಿಸುತ್ತಿದ್ದ. ಅವನು ತಲೆ ಎತ್ತಲಿಲ್ಲ.

“ಅಲ್ಲಿ ಈಗ ಯಾರೂ ನಿಲ್ಲುವುದಿಲ್ಲ, ಯಜಮಾನರೇ,” ಎಂದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಚಹಾ ಆರಿಹೋಗಿತ್ತು. ನಾನು ಬೇರೆ ತರಿಸುತ್ತೇನೆ ಎಂದರೂ ಬೇಡವೆಂದರು.

ಶ್ರೀಪತಿ ಕುರ್ಚಿಯನ್ನು ಗುರುಗಳ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ, ವ್ಯಾಪಾರಿ ಸುಳ್ಳಂತೂ ಹೇಳಲಿಲ್ಲವಲ್ಲ ಎಂದ. ಗುರುಗಳು ಹೌದೆಂದು ತಲೆಯಾಡಿಸಿದರು. ತಾನು ಹಿರಿಯ, ಅವಳು ಮಗು, ನಮ್ಮ ಮನೆಯವರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರಲ್ಲ ಎಂದು ಅವನು ಹೇಳಿದ. ಅದಕ್ಕೂ ಗುರುಗಳು ತಲೆಯಾಡಿಸಿದರು.

“ಆ ಮಾತು ಆ ಹುಡುಗಿಗೆ ಕೊನೆಗಾದರೂ ತಲುಪಿತೇ, ಗುರುಗಳೇ?” ಎಂದು ಅವನು ಕೇಳಿದ.

ಗುರುಗಳು ಹೆಗಲಿಗೆ ಶಲ್ಯ ಹಾಕಿಕೊಂಡು ಎದ್ದು ನಿಂತರು.

“ತಲುಪಲಿಲ್ಲ. ಮಂದಾಕಿನಿ ಇನ್ನೂ ಈ ಊರಿನಲ್ಲೇ ಇದ್ದಾಳೆ, ಹೋಗಿ ಅವಳ ಕ್ಷಮೆ ಕೇಳು.”