ಕಡಲಿಗೆ ದಾರ ಕಟ್ಟಿದ ನೌಯಾ

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟೋಕೆ ಮುಂಚೆ, ಭೂಮಿಯ ಬಡಗಣ ತುದಿಯಲ್ಲಿ, ಕಡಲ ದಂಡೆ ಮೇಲೆ ಒಂದು ಊರಿತ್ತಂತೆ. ಚಳಿಗಾಲ ಬಂತು ಅಂದ್ರೆ ಅಲ್ಲಿ ಹಾಲಿನ ಮೇಲೆ ಕೆನೆ ಕಟ್ಟೋ ಹಾಗೆ ಕಡಲ ಮೇಲೆ ಮಂಜುಗಡ್ಡೆ ಕಟ್ಟುತ್ತಂತೆ. ಗಂಡಸರು ಅದರ ಮೇಲೆ ನಾಯಿ ಕಟ್ಟಿದ ಜಾರುಬಂಡಿ ಓಡಿಸಿಕೊಂಡು, ಗಡ್ಡೆ ಮುಗಿದು ನೀರು ಶುರುವಾಗೋ ಅಂಚಿನ ತನಕ ಹೋಗಿ ಸೀಲ್ ಅನ್ನೋ ಕಡಲ ಪ್ರಾಣಿಯ ಬೇಟೆ ಆಡ್ತಿದ್ರಂತೆ. ಏಯ್, ಕಡಲ ಮೇಲೆ ನಡೆಯೋದಾ ಅಂತ ಬಾಯಿ ಬಿಡಬೇಡಿ. ನಡೀತಿದ್ರು. ನಡೆಯದೆ ಇದ್ರೆ ಉಪವಾಸ.

ಆ ಊರಲ್ಲಿ ಒಂದು ಕಟ್ಟಳೆ. ಗಡ್ಡೆ ನಿಲ್ಲುತ್ತೋ ಹೋಗುತ್ತೋ ಅನ್ನೋ ಮಾತು ಊರ ಯಜಮಾನನ ಮನೆಯವರು ಮಾತ್ರ ಆಡಬೇಕು. ಬೇರೆ ಯಾರಾದ್ರೂ 'ಗಡ್ಡೆ ಹೋಗ್ತದೆ' ಅಂದ್ರೆ ಗಡ್ಡೆ ಕೇಳಿಸಿಕೊಂಡು ಸಿಟ್ಟಾಗಿ ಒಡೆದು ಹೋಗುತ್ತೆ ಅಂತ. ಆ ಮಾತು ಕಿವಿಗೆ ಬೀಳೋ ಹಾಗಿದ್ರೆ ಎರಡೂ ಕೈಯಿಂದ ಕಿವಿ ಮುಚ್ಚಿಕೋಬೇಕಂತೆ. ಎಂಥಾ ಬುದ್ಧಿ ನೋಡಿ!

ಯಜಮಾನನ ಹೆಸರು ತುಲುಗಾಕ್. ಅವನು ಈಟಿಗೋಲಿನಿಂದ ಗಡ್ಡೆಗೆ ಮೂರು ಏಟು ಹಾಕ್ತಿದ್ದನಂತೆ. ಕೋಲು ಇಳಿಯಲಿಲ್ಲ ಅಂದ್ರೆ ಗಡ್ಡೆ ದಪ್ಪ ಇದೆ, ಹೋಗಿ ಅಂತಿದ್ದನಂತೆ. ದಪ್ಪ ಇತ್ತು, ಸುಳ್ಳಲ್ಲ. ಆದರೆ ದಪ್ಪ ಗಡ್ಡೆಯೂ ಒಂದು ದಿನ ಇಡಿಗಿಡೀ ದಡ ಬಿಟ್ಟು ಹೊರಡುತ್ತಲ್ಲ, ಅದನ್ನ ಕೋಲು ಹೇಳುತ್ತಾ?

ಆ ಊರಲ್ಲಿ ನೌಯಾ ಅಂತ ಒಬ್ಬಳಿದ್ದಳಂತೆ, ತೊಗಲಿನ ಅಂಗಿ ಹೊಲಿಯೋಳು. ಅವಳು ಚಿಕ್ಕವಳಿದ್ದಾಗ ಅಪ್ಪ ಹಾಗೇ ಹೋದ, ದಪ್ಪ ಗಡ್ಡೆ ಮೇಲೆ ನಿಂತುಕೊಂಡೇ. ಅವತ್ತು ಬೆಳಗ್ಗೆಯೇ ಅವಳ ಅಮ್ಮನಿಗೆ ಗೊತ್ತಾಗಿತ್ತಂತೆ. ದೂರದ ಮೋಡದ ಹೊಟ್ಟೆ ಕಪ್ಪಾಗಿತ್ತು, ಅಂದ್ರೆ ಅದರ ಕೆಳಗೆ ನೀರು ಬಾಯಿ ತೆರೆದಿದೆ ಅಂತ. ಕಟ್ಟಳೆಗೆ ಹೆದರಿ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಆಮೇಲೆ ಸಾಯೋ ತನಕ ಆ ಬೀಗ ತೆಗೆಯಲಿಲ್ಲ ಅಂತಾರೆ. ಒಂದೇ ಒಂದು ದಿನ, ಹಾಸಿಗೆ ಹಿಡಿದಾಗ, ಮಗಳ ಕೈ ಹಿಡಿದು ಆ ಮೋಡದ ವಿಷಯ ಹೇಳಿದಳಂತೆ. ನೌಯಾಗೆ ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. ಕಟ್ಟಳೆ ಮೇಲೆ ಬಂತು. ಬಂದ ಸಿಟ್ಟು ಇಳೀಲೇ ಇಲ್ಲ.

ಅವಳಿಗೆ ಉಳಿದಿದ್ದು ತಮ್ಮ ಮಿನಿಕ್ ಒಬ್ಬನೇ. ಅವನು ಬೇಟೆಗೆ ಹೋಗೋ ವಯಸ್ಸಿಗೆ ಬಂದ ಮೇಲೆ ಇವಳು ಏನು ಮಾಡಿದಳು ಗೊತ್ತಾ? ದಡಕ್ಕೆ ಅಂಟಿಕೊಂಡ ಗಡ್ಡೆಗೂ ಹೊರಗಿನ ಗಡ್ಡೆಗೂ ನಡುವೆ ಒಂದು ಬಿರುಕಿರುತ್ತೆ. ಅದರ ಈಚೆಗೊಂದು ಆಚೆಗೊಂದು ಮೂಳೆಯ ಗೂಟ ಹೊಡೆದು, ಸಾರಂಗದ ನರದಿಂದ ಹೊಸೆದ ಹೊಲಿಗೆ ದಾರವನ್ನ ಸಡಿಲವಾಗಿ ಕಟ್ಟಿದಳಂತೆ. ದಾರ ಜೋಲುತ್ತಿದ್ರೆ ಗಡ್ಡೆ ಮಲಗಿದೆ. ಬಿಗಿಯಾದ್ರೆ ಎದ್ದು ಹೊರಟಿದೆ. ಕಂಡವರೆಲ್ಲ ನಕ್ಕರಂತೆ, ಕಡಲಿಗೆ ಅಂಗಿ ಹೊಲೀತಾಳೆ ಅಂತ. ನಗಲಿ ಬಿಡಿ, ನಗೋರ ಹಲ್ಲು ಕಾಣುತ್ತೆ ಅಷ್ಟೇ.

ಒಂದು ವಸಂತದಲ್ಲಿ ತುಲುಗಾಕ್ ಮೂರು ಏಟು ಹಾಕಿ ಹದಿನೇಳು ಜನರನ್ನ ಅಂಚಿಗೆ ಕಳಿಸಿದನಂತೆ, ಅವರಲ್ಲಿ ಮಿನಿಕ್ ಕೂಡ ಒಬ್ಬ. ಬೆಳಗ್ಗೆ ದಾರ ಜೋಲುತ್ತಿತ್ತು. ಹೊತ್ತು ಏರಿದ ಹಾಗೆ ನೆಲದ ಕಡೆಯಿಂದ ಗಾಳಿ ಎದ್ದಿತು. ನೌಯಾ ಬಂದು ಬೆರಳಿನಿಂದ ಮುಟ್ಟಿದರೆ ದಾರ ಝುಂಯ್ ಅಂತಂತೆ.

ಓಡಿ ಹೋಗಿ ಯಜಮಾನನಿಗೆ ಹೇಳಿದಳು. ಅವನು ಕಿವಿ ಮುಚ್ಚಿಕೊಂಡನಂತೆ! ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು, ಬಾಯಿ ಬಿಟ್ಟರೆ ಊರಿಂದ ಆಚೆ ಹಾಕ್ತೀನಿ ಅಂತ ಗದರಿದನಂತೆ. ಹಾಕು ಅಂದಳಂತೆ ಅವಳು. ಅಷ್ಟೇ ಅಂದಿದ್ದು.

ವಾಪಸ್ ಬರೋ ಹೊತ್ತಿಗೆ ದಾರ ಕಡಿದಿತ್ತು. ಬಿರುಕು ಮೊಳದಗಲ ಆಗಿತ್ತು. ತುಂಡು ದಾರ ಕೈಗೆ ಸುತ್ತಿಕೊಂಡು ಬಿರುಕು ಹಾರಿದಳಂತೆ. ಹಾರಿ, ಅಂಚಿನ ಕಡೆ ಓಡಿದಳಂತೆ. ಓಡ್ತಾ ಓಡ್ತಾ, ಆ ಊರಲ್ಲಿ ಯಾವ ಹೆಂಗಸೂ ಆಡದ ಮಾತನ್ನ ಗಂಟಲು ಹರಿಯೋ ಹಾಗೆ ಕೂಗಿದಳಂತೆ: "ಗಡ್ಡೆ ಹೋಗ್ತದೆ! ಗಡ್ಡೆ ಹೋಗ್ತದೆ!"

ಬೇಟೆಯವರು ಏನು ಮಾಡಿದರು? ಹದಿನೇಳೂ ಜನ ಕಿವಿ ಮುಚ್ಚಿಕೊಂಡರು. ಅಯ್ಯೋ ನನ್ನಪ್ಪಾ! ಸಾವು ಕಾಲಡಿ ಇದೆ, ಇವರು ಕಿವಿ ಮುಚ್ಚಿಕೊಂಡು ನಿಂತಿದ್ದಾರೆ, ಮಿನಿಕ್ ಕೂಡ.

ಅವಳು ನೇರ ತಮ್ಮನ ಹತ್ತಿರ ಹೋದಳಂತೆ. ಕಡಿದ ದಾರ ಅವನ ಕಣ್ಣ ಮುಂದೆ ಹಿಡಿದಳು. ಕಿವಿ ಮುಚ್ಚಿಕೊಳ್ಳಿ ಅಂತ ಕಟ್ಟಳೆ ಇತ್ತೇ ಹೊರತು ಕಣ್ಣು ಮುಚ್ಚಿಕೊಳ್ಳಿ ಅಂತ ಇರಲಿಲ್ಲವಲ್ಲ. ಅಂಗಿಗೆಲ್ಲ ಅಕ್ಕ ಹಾಕೋ ದಾರ ಅದು, ಅದರ ಗಟ್ಟಿತನ ಅವನಿಗೆ ಗೊತ್ತಿತ್ತು. ಅಂಥ ದಾರ ಸುಮ್ಮನೆ ಕಡಿಯಲ್ಲ. ಅವನು ಕಿವಿಯಿಂದ ಕೈ ತೆಗೆದು, ಹಿಡಿದ ಸೀಲ್ ಅಲ್ಲೇ ಬಿಟ್ಟು ನಾಯಿ ತಿರುಗಿಸಿದನಂತೆ. ಒಬ್ಬ ತಿರುಗಿದ, ಉಳಿದವರೂ ತಿರುಗಿದರು.

ಬಿರುಕಿನ ಹತ್ತಿರ ಬಂದರೆ ಹಾರೋ ಹಾಗಿರಲಿಲ್ಲ. ಉದ್ದನೆಯ ಜಾರುಬಂಡಿ ಅಡ್ಡ ಹಾಕಿ, ಅದರ ಮೇಲೆ ನಾಯಿಗಳನ್ನ ದಾಟಿಸಿ, ಒಬ್ಬೊಬ್ಬರೇ ತೆವಳಿ ದಾಟಿದರಂತೆ. ಕೊನೆಗೆ ದಾಟಿದ್ದು ನೌಯಾ. ಅವಳು ಈಚೆ ಕಾಲಿಟ್ಟ ಮೇಲೆ ಬಂಡಿ ನೀರಿಗೆ ಬಿತ್ತಂತೆ. ಡೇರೆ, ಬೇಟೆ, ಎಲ್ಲ ಹೊತ್ತುಕೊಂಡು ಗಡ್ಡೆ ಹೊರಟೇ ಹೋಯ್ತಂತೆ, ಒಂದು ಚೂರೂ ಒಡೆಯದೆ.

ಆಗ ತುಲುಗಾಕ್ ಊರೆಲ್ಲ ಸೇರಿಸಿ, ನೋಡಿದ್ರಾ, ಇವಳು ಆಡಿದಳು, ಗಡ್ಡೆ ಹೋಯ್ತು ಅಂದನಂತೆ. ನೌಯಾಗೆ ಇನ್ನೂ ಏದುಸಿರು. "ಹೌದು, ಆಡಿದೆ. ನಾಳೆನೂ ಆಡ್ತೀನಿ," ಅಂದಳಂತೆ. "ನಮ್ಮಪ್ಪ ಹೋದ ದಿನ ಯಾರೂ ಆಡಿರಲಿಲ್ಲವಲ್ಲ ಯಜಮಾನರೇ. ಅವತ್ತು ಯಾಕೆ ಹೋಯ್ತು?"

ಆಮೇಲೆ ಮಿನಿಕ್ ಎದ್ದು ಬಂದು ಅಕ್ಕನ ಪಕ್ಕ ನಿಂತನಂತೆ. ಅವನ ಹಿಂದೆ ಉಳಿದ ಹದಿನಾರು ಜನ. ಅವಳನ್ನ ಊರಾಚೆ ಹಾಕೋ ಮಾತು ಅಲ್ಲಿಗೇ ಸತ್ತಿತು.

ಈಗಲೂ ಅಲ್ಲಿ ಗಡ್ಡೆ ಮೇಲೆ ಕಾಲಿಡೋಕೆ ಮುಂಚೆ ಬಿರುಕಿಗೆ ದಾರ ಕಟ್ಟುತ್ತಾರಂತೆ, ಅದೂ ಹೆಂಗಸರೇ ಕಟ್ಟಬೇಕಂತೆ. ಕಟ್ಟಿದ ಮೇಲೆ ಎಲ್ಲರೂ ಟೋಪಿ ಹಿಂದಕ್ಕೆ ತಳ್ಳಿ, ಚಳಿಗೆ ಕಿವಿ ಕೆಂಪಾದ್ರೂ ಸರಿ, ಕಡಲ ಕಡೆ ತಿರುಗಿ ಒಟ್ಟಿಗೆ ಕೂಗುತ್ತಾರಂತೆ: "ಗಡ್ಡೆ ಹೋಗ್ತದೆ! ನಾವು ಹೋಗಲ್ಲ!" ಎಲ್ಲರಿಗಿಂತ ಜೋರಾಗಿ ಕೂಗೋರು ತುಲುಗಾಕನ ಮನೆತನದವರೇ ಅಂತಾರೆ.