ಕೊಸರಿನ ಡಂಗುರ

ಕೇಳ್ರಪ್ಪಾ, ನಗು ಬಂದ್ರೆ ತಡ್ಕೋಬೇಡಿ. ಸಂತೇಲಿ ಪುರಿ ಮಾರೋ ಕೆಂಚವ್ವಂಗೆ ಒಬ್ಬನೇ ಮಗ, ಮುದ್ದ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವನ ರೋಗ! "ಇವನನ್ನ ಕಟ್ಕೊಂಡು ಹೆಂಗಪ್ಪಾ ಬಾಳಲಿ" ಅಂತ ಹಣೆ ಚಚ್ಕೊಂಡು, ಅಳತೆ ಇನ್‌ಸ್ಪೆಕ್ಟರ್ ವಾಮನಯ್ಯನ ಹತ್ರ ಜವಾನನ ಕೆಲಸಕ್ಕೆ ಸೇರಿಸಿದಳು.

"ಸೊಟ್ಟಗಿರೋ ಸೇರು ಕಂಡ್ರೆ ಕಿತ್ಕೊಂಡು ಬಾ" ಅಂದ ವಾಮನಯ್ಯ. ಮುದ್ದ ಮೊದಲು ಕಿತ್ಕೊಂಡಿದ್ದು ಯಾರದ್ದು? ಹೆತ್ತವ್ವಂದೇ!

"ಅಯ್ಯೋ ನಿನ್ನ ಮನೆ ಕಾಯೋಗ! ಸೊಟ್ಟಗಿದ್ರೇನೋ, ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕ್ತೀನಲ್ಲ! ಸೇರಿಲ್ದೆ ಯಾಪಾರ ಹೆಂಗೆ, ಊಟ ಹೆಂಗೆ?"

ಕಚೇರಿಗೆ ಓಡಿದಳು. ವಾಮನಯ್ಯ ಸೇರನ್ನ ಪೆಟ್ಟಿಗೇಲಿಟ್ಟು ಬೀಗ ಜಡಿದಿದ್ದ. ಯಾಕೆ ಅಂದ್ರೆ ಬೀಗ ಜಗ್ಗಿ ನೋಡಿದ, ಯಾವಾಗ ಕೊಡ್ತೀರಿ ಅಂದ್ರೆ ಬಾಗಿಲು ತೋರಿಸಿದ. ಸಿಟ್ಟೆಲ್ಲ ಮಗನ ಮೇಲೆ ಬಂತು.

"ಹೇಳದೆ ಕೇಳದೆ ಕಿತ್ಕೋತಾರೇನೋ ಪೆದ್ದ ಮುಂಡೇದೆ? ಮೊದಲು ತಮಟೆ ಬಡಿದು ಸಾರಬೇಕು!"

"ಹೂಂ ಕಣವ್ವ."

ಮುಂದಿನ ಸಂತೇಲಿ ವಾಮನಯ್ಯ ಕಳ್ಳತೂಕ ಹಿಡಿಯಕ್ಕೆ ಸದ್ದಿಲ್ದೆ ಹೊರಟ. ಅವನ ಮುಂದೆ ತಮಟೆ ಕಟ್ಕೊಂಡ ಮುದ್ದ! "ಡಣ್ ಡಣ್! ಬೆಲ್ಲದ ರುದ್ರಣ್ಣೋ, ನಿನ್ನ ಹಿಡಿಯಕ್ಕೆ ಬತ್ತಾವ್ರೆ!" ರುದ್ರಣ್ಣ ತಕ್ಕಡಿ ಸಮೇತ ಮಾಯ.

ವಾಮನಯ್ಯ ಕಿವಿ ಹಿಂಡಿದ. "ಒಬ್ಬನ ಹೆಸರು ಯಾಕೋ ಕೂಗ್ತೀಯ? ಎಲ್ಲಾರನ್ನೂ ಒಂದೇ ಸಮ ನೋಡು!"

"ಹೂಂ ಬುದ್ಧಿ."

ಅದರ ಮುಂದಿನ ಸಂತೇಲಿ ಸೊಟ್ಟ ಸೇರೂ ಕಿತ್ಕೊಂಡು ತಂದ, ನೆಟ್ಟಗಿರೋದೂ ತಂದ. ಸಂತೆಗೆ ಸಂತೆಯೇ ಸೇರಿಲ್ದೆ ಕೂತ್ಕೊಂತು! ಕೆಂಚವ್ವ ಬಾಯಿ ಬಡ್ಕೊಂಡಳು. "ತಪ್ಪಿಲ್ದೋರದ್ದೂ ಯಾಕೋ ತಂದೆ? ಏನು ಮಾಡಿದ್ರೂ ಕಾರಣ ಬಿಚ್ಚಿ ಹೇಳ್ಬೇಕು ಕಣೋ!"

"ಹೂಂ ಕಣವ್ವ."

ಮುಂದಿನ ವಾರ ವಾಮನಯ್ಯ ಮುದ್ದನ ಕಿವೀಲಿ ಪಿಸುಗುಟ್ಟಿದ. "ಇನ್ಮೇಲೆ ಎಣ್ಣೆ ನಾಗಭೂಷಣನ ಅಂಗಡಿ ಕಡೆ ಮಾತ್ರ ಹೋಗ್ಬೇಡ. ಅಲ್ಲಿಂದ ನಮ್ಮನೆಗೆ ವಾರವಾರ ಒಂದು ಡಬ್ಬ ಎಣ್ಣೆ ಕೊಸರು ಬರುತ್ತೆ."

ಮುದ್ದ ಈಗ ಬುದ್ಧಿ ಕಲಿತವನಲ್ಲವೇ! ಸಂತೆ ನಡುವೆ ನಿಂತ.

"ಡಣ್ ಡಣ್! ಎಣ್ಣೆ ಅಂಗಡಿ ಅಳತೆ ನೋಡಲ್ಲ! ಕಾರಣ ಏನಪ್ಪಾ ಅಂದ್ರೆ, ಬುದ್ಧಿಯೋರ ಮನೆಗೆ ಡಬ್ಬ ಕೊಸರು ಹೋಗುತ್ತೆ! ಎಲ್ಲಾರೂ ಒಂದೇ ಸಮ! ನೀವೂ ಕಳಿಸಿ, ನಿಮ್ಮದೂ ನೋಡಲ್ಲ!"

ಈರುಳ್ಳಿ ಮೂಟೆ, ಮೆಣಸಿನಕಾಯಿ ಚೀಲ, ಕುಯ್ಯೋ ಅನ್ನೋ ಕೋಳಿ ಹಿಡ್ಕೊಂಡು ಜನ ವಾಮನಯ್ಯನ ಬಾಗಿಲಿಗೆ ನುಗ್ಗಿದರು. "ತಗೊಳ್ಳಿ ಸ್ವಾಮಿ ಕೊಸರು!" ವಾಮನಯ್ಯ ಬೆವೆತು ಹೋದ. ಪೆಟ್ಟಿಗೆ ತೆಗೆದು ಎಲ್ಲರ ಸೇರೂ ಹಂಚಿದ. ಕೆಂಚವ್ವನ ಸೇರನ್ನ ಎರಡೂ ಕೈಲಿ ಕೊಟ್ಟ. "ತಗೊಳಮ್ಮಾ ತಾಯಿ! ಇವನ ಬಾಯಿ ಒಂದು ಮುಚ್ಚಿಸು!"

ಕೆಂಚವ್ವ ಸೇರನ್ನ ಎದೆಗೆ ಅವುಚ್ಕೊಂಡಳು. ನಗುವೂ ಬಂತು, ಅಳುವೂ ಬಂತು. "ಬಾಯಿ ಮುಚ್ಕೊಂಡು ಬಾರೋ ಮಗನೇ!"

"ಹೂಂ ಕಣವ್ವ" ಅಂದು ಮುದ್ದ ಒಂದು ಕೈಲಿ ಬಾಯಿ ಮುಚ್ಕೊಂಡ. ಇನ್ನೊಂದು ಕೈಲಿ ದಾರಿಯುದ್ದಕ್ಕೂ ತಮಟೆ ಬಡಿದ. "ಏನೋ ಸಾರ್ತಿದ್ದೀಯ?" ಅಂತ ಬೀದಿ ಮಂದಿ ಕೇಳಿದರು. ಮುದ್ದ ತಮಟೆ ಕೋಲೆತ್ತಿ ವಾಮನಯ್ಯನ ಮನೆ ತೋರಿಸಿದ.