ದ್ಯಾವಿಯ ಕೊರಳಿನ ಅಳತೆ

"ಕೇಳ್ರಪ್ಪೋ ಕೇಳಿ! ಯುವರಾಜರನ್ನು ಕೊಲ್ಲೋಕೆ ಅಂತಃಪುರದ ಬೀಗ ಮುರಿದ ದ್ಯಾವಿಗೆ ಶುಕ್ರವಾರ ನೇಣು! ದೊರೆ ಕೇಳುವ ಮೂರು ಒಗಟು ಬಿಡಿಸಿದವರಿಗೆ ಹತ್ತು ಹಳ್ಳಿ, ಹುಡುಗಿಗೆ ಜೀವ. ತಪ್ಪು ಹೇಳಿದವರ ತಲೆ ಅಲ್ಲೇ ಉರುಳುತ್ತೆ!"

ಕಾರೆಗಿರಿಯಲ್ಲಿ ಹೀಗೆ ಡಂಗುರ ಸಾರಿದರು. ಮಕ್ಕಳನ್ನು ಗಲ್ಲಿಗೇರಿಸುವ ಮುಂಚೆ ಒಗಟು ಕೇಳಬೇಕೆನ್ನುವುದು ಅಲ್ಲಿನ ಹಳೇ ಕಟ್ಟಳೆ. ದ್ಯಾವಿಗೆ ಇನ್ನೂ ಹತ್ತು ತುಂಬಿರಲಿಲ್ಲ. ಹತ್ತು ಹಳ್ಳಿಯ ಆಸೆಗೆ ಜನ ಸೇರಿದರೇ ಹೊರತು, ಆ ಕೂಸಿನ ಮುಖ ನೋಡಿಬರೋಣ ಎಂದು ಒಬ್ಬನಿಗೂ ಅನ್ನಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ದೊರೆ ಮೊದಲನೆಯದನ್ನು ಕೇಳಿದ. "ಹೋದ ವರ್ಷ ಇವಳು ನಮ್ಮ ಕೊಟ್ಟಿಗೆಯಲ್ಲಿ ಹಾಲು ಕದ್ದಳು. ತುಟಿಗೆ ಒಂದು ಹನಿಯೂ ತಾಗಿರಲಿಲ್ಲ. ಕದ್ದ ಕೈ ಒಂದು, ಕುಡಿಯುವ ಬಾಯಿ ಇನ್ನೊಂದು. ಆ ಬಾಯಿ ಯಾರದು?"

"ಹುತ್ತದ ಹಾವಿನದು ಪ್ರಭು, ಹರಕೆಯ ಹಾಲು," ಎಂದರು ಆಸ್ಥಾನದ ಜೋಯಿಸರು. ಕತ್ತಿ ಬಿತ್ತು.

"ಕಳ್ಳರ ಗುಂಪಿನ ಯಜಮಾನನದು," ಎಂದ ಒಬ್ಬ ಸರದಾರ. ಕತ್ತಿ ಮತ್ತೆ ಬಿತ್ತು. ಉಳಿದವರು ಮೆಲ್ಲಗೆ ಬಾಗಿಲ ಕಡೆ ಸರಿದರು. ಹಳ್ಳಿಯ ಆಸೆ ಎಲ್ಲಿ ಹೋಯಿತೋ!

ಆಗ ಮುಂದೆ ಬಂದವನು ಚೌಡ, ನೇಣಿನ ಹಗ್ಗ ಹೊಸೆಯುವ ತರುಣ. ಹೊಸೆಯುವ ಮುಂಚೆ ನೂಲು ಹಿಡಿದು ಕೊರಳಿನ ಅಳತೆ ತೆಗೆಯುವುದು ಅವನ ಕಸುಬಿನ ರೂಢಿ.

"ಆ ಬಾಯಿ ಇವಳ ತಮ್ಮಂದು ಬುದ್ಧಿ. ಆಗ ಮೂರು ತಿಂಗಳ ಹಸುಗೂಸು."

ದೊರೆ ಹುಬ್ಬು ಗಂಟಿಕ್ಕಿ ಎರಡನೆಯದನ್ನು ಕೇಳಿದ. "ಬೇಲಿ ಮುರಿದ ಕರುವಿಗೆ ಹೊಡೆದೆವು. ಹಸುವಿನ ಹಿಂದೆ ಇರಬೇಕಾದ ಕರು ಹೊಲಕ್ಕೆ ಯಾಕೆ ನುಗ್ಗಿತು? ಹಸುವನ್ನು ಕಟ್ಟಿಹಾಕಿಕೊಂಡವರು ಯಾರು?"

"ಹೇಳಿದ್ರೆ ತಲೆ ಹೋಯ್ತದೆ."

"ಹೇಳದಿದ್ದರೂ ಹೋಗುತ್ತದೆ."

"ತಾವೇ ಬುದ್ಧಿ. ಯುವರಾಜರಿಗೆ ಮೊಲೆಯುಣಿಸೋಕೆ ತಂದಿರೋ ಹೊನ್ನಾಜಿ ಇವಳ ಅವ್ವ. ಅಪ್ಪ ಸತ್ತಿದ್ದಾನೆ. ಅವಳನ್ನ ಒಂದು ದಿನಾನೂ ಮನೇಗೆ ಬಿಡಲಿಲ್ಲ."

ಕತ್ತಿಯವನು ದೊರೆಯ ಮುಖ ನೋಡಿದ. ದೊರೆ ಕೈ ಎತ್ತಲಿಲ್ಲ, ಮೂರನೆಯದನ್ನು ಕೇಳಿದ.

"ಸೆರೆಗೆ ಹೋದಾಗ ಇವಳಿಗೆ ಚಿಲಕ ತೆಗೆಯಲೂ ಬರುತ್ತಿರಲಿಲ್ಲ. ಆರು ತಿಂಗಳಿಗೆ ಹೊರಬಂದವಳು ಏಳು ಸುತ್ತಿನ ಬೀಗ ಮುರಿದಳು. ಈ ವಿದ್ಯೆ ಕಲಿಸಿದ ಗುರು ಯಾರು?"

"ಕನ್ನಗಳ್ಳ ಮುದ್ದ. ಇಬ್ಬರನ್ನೂ ಒಂದೇ ಕೋಣೇಲಿ ಕೂಡಿಹಾಕಿದ್ರಿ. ಇವಳು ಒಳಗಿದ್ದಾಗ ಆ ಕೂಸು ಹಾಲಿಲ್ಲದೆ ಸತ್ತೋಯ್ತು. ಬಿಟ್ಟ ಮೇಲೆ ಗುಡಿಸಲು ಬರಿದಾಗಿತ್ತು. ಅವ್ವನಿಗೆ ತಿಳಿಸೋಕೆ ಅಂತ ಬೀಗ ಮುರಿದಳು. ಯುವರಾಜರನ್ನ ಕೊಲ್ಲೋಕಲ್ಲ."

"ನಿನಗೆ ಹೇಗೆ ಗೊತ್ತು?"

"ಅಳತೆ ತೆಗೆಯೋವಾಗ ಕೇಳಿದೆ ಬುದ್ಧಿ, 'ಯಾಕವ್ವಾ ಮಾಡ್ದೆ' ಅಂತ. ಹೇಳ್ತು. ಇಷ್ಟು ದಿನ ಯಾರೂ ಕೇಳಿರಲಿಲ್ಲವಂತೆ."

ಈ ಕತೆ ಹೇಳುವಾಗಲೆಲ್ಲ ನಾನು ಈ ಮಾತಿನ ಹತ್ತಿರ ನಿಲ್ಲುತ್ತೇನೆ. ಎರಡು ವಿಚಾರಣೆ, ಹನ್ನೆರಡು ಮಂದಿ ಪಂಡಿತರು, ಒಬ್ಬರ ನಾಲಿಗೆಗೂ ಬರಲಿಲ್ಲವಲ್ಲ ಇಷ್ಟು ಸಣ್ಣ ಪ್ರಶ್ನೆ!

ದೊರೆ ತಲೆ ತಗ್ಗಿಸಿ ಆಜ್ಞೆ ಕೊಟ್ಟ. ದ್ಯಾವಿಯ ಬೇಡಿ ಕಳಚಿತು. ಮಕ್ಕಳನ್ನು ಕಳ್ಳರ ಜೊತೆ ಕೂಡಿಹಾಕಬಾರದೆಂದು ಕಟ್ಟಳೆಯಾಯಿತು. ಚೌಡನಿಗೆ ಹತ್ತು ಹಳ್ಳಿಯ ತಾಮ್ರಶಾಸನ ಸಿಕ್ಕಿತು, ಅವನು ಅವತ್ತೇ ಕಸುಬು ಬಿಟ್ಟ.

ಹೊನ್ನಾಜಿಯನ್ನು ಅಂತಃಪುರದಿಂದ ಬಿಟ್ಟರು. ಓಡಿಬಂದವಳು ಮಗಳನ್ನು ತಬ್ಬಿ ಅತ್ತಳು, ಮುದ್ದಾಡಿದಳು. ಆಮೇಲೆ ಮಗಳ ಬೆನ್ನ ಹಿಂದೆ ನೋಡಿದಳು, ಬಾಗಿಲ ಕಡೆ ನೋಡಿದಳು.

"ತಮ್ಮನ್ನ ಯಾರ ಹತ್ರ ಬಿಟ್ಟು ಬಂದ್ಯೇ?" ಎಂದಳು.

ದ್ಯಾವಿ ದೊರೆಯ ಮುಖ ನೋಡಿದಳು. ಮೂರು ಒಗಟು ಕೇಳಿದ್ದ ದೊರೆ ಆ ಒಂದು ಪ್ರಶ್ನೆಗೆ ಮುಖ ಆಚೆ ತಿರುಗಿಸಿದ.